ಮಳೆಯ ಶಿಖರ ಎಲ್ಲಿಡಬೇಕು

1.
ಎಲ್ಲಿಂದ ಶುರು ಮಾಡಲಿ? ಮೊದಲ ಹನಿಯಿಂದ ಅಂದರೆ ಸುಳ್ಳಾಗುತ್ತದೆ. ಈ ಕಥೆಯ ಮಳೆ ಮೊದಲು ಬಿದ್ದದ್ದು ಕಂಪ್ಯೂಟರಿನಲ್ಲಿ.

ಚರಂಡಿ ಕಟ್ಟುವ ಮುಂಚೆ ಇಂಜಿನಿಯರುಗಳು ಒಂದು ಮಾದರಿ ಮಳೆಯನ್ನು ತಾವೇ ಸುರಿಸಿ ನೋಡುತ್ತಾರೆ. ನಮ್ಮ ಇಂಜಿನಿಯರಮ್ಮನೂ ಸುರಿಸಿದಳು: ಮೆಲ್ಲಗೆ ಏರಿ, ನಡುವೆ ಜೋರಾಗಿ, ಮೆಲ್ಲಗೆ ಇಳಿಯುವ ಮಳೆ. ಎಲ್ಲರೂ ಅದನ್ನೇ ಸುರಿಸುತ್ತಾರೆ. (ಕಥೆಗಾರರೂ ಅಷ್ಟೆ, ನಗಬೇಡಿ.)

2.
ಅವಳ ಅಕ್ಕ ಆ ಚರಂಡಿ ಹಾಯುವ ತಗ್ಗಿನ ಬೀದಿಯಲ್ಲಿ ಮನೆ ನೋಡಿದ್ದಳು. ಭಾವನಿಗೆ ಹಾಸಿಗೆಯಿಂದ ಏಳಲಾಗದು. ಮೆಟ್ಟಿಲಿಲ್ಲದ ಮನೆಯೇ ಬೇಕಿತ್ತು.

"ನೀರು ನುಗ್ಗಲ್ವೇನೇ?" ಅಂದಳು ಅಕ್ಕ.

"ಹೊಸ್ತಿಲಿಗಿಂತ ಒಂದು ಗೇಣು ಕೆಳಗೇ ನಿಲ್ಲುತ್ತೆ ಕಣಕ್ಕಾ. ನಾನೇ ಮಾಡೆಲ್ ಓಡಿಸಿದೀನಿ."

"ನೋಡಿದ್ಯಾ," ಅಂದರು ಭಾವ ಹೆಂಡತಿಗೆ, "ಇನ್ಮೇಲೆ ಮಳೆಗೂ ನನ್ನ ನಾದಿನಿ ಪರ್ಮಿಷನ್ ಬೇಕು."

3.
ನಿಜವಾದ ಮಳೆ ಒಟ್ಟು ಲೆಕ್ಕದಷ್ಟೇ ಬಂತು. ಒಂದು ಹನಿ ಹೆಚ್ಚಿಲ್ಲ. ಆದರೆ ಇಡೀ ದಿನ ಸೋಮಾರಿಯಂತೆ ಜಿನುಗಿ, ಚರಂಡಿ, ಹೊಂಡ ಎಲ್ಲ ತುಂಬಿಸಿ, ಕಟ್ಟಕಡೆಗೆ ಜೋರು ಹಿಡಿಯಿತು. ಅಕ್ಕ ಔಷಧಿ ತರಲು ಹೋಗಿದ್ದಳು. ಭಾವ ಮುಳುಗಿಹೋದರು.

(ಈ ಕೊನೆಯ ವಾಕ್ಯವನ್ನು ಅಳಿಸಿ ಅಳಿಸಿ ಬರೆದೆ. ಉದ್ದ ಮಾಡಿದರೆ ಚೆಂದವಾಗಿಬಿಡುತ್ತದೆ.)

4.
ಬೇರೆ ಅಂತ್ಯ: ಜೋರನ್ನು ಬೆಳಗ್ಗೆಗೇ ತರೋಣ. ಚರಂಡಿ ಖಾಲಿಯಿದೆ, ನೀರು ಸರಾಗ ಹರಿದುಹೋಗುತ್ತದೆ. ಭಾವ ನಾದಿನಿಯನ್ನು ಗೇಲಿ ಮಾಡುತ್ತಾ ಚಹಾ ಕೇಳುತ್ತಾರೆ.

ಇಂಜಿನಿಯರಮ್ಮ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅದನ್ನ ನಾನೂ ಓಡಿಸಿ ನೋಡ್ದೆ, ಕಥೆಗಾರರೇ. ಆವತ್ತಿಂದ ಅದೇ ಕೆಲಸ. ಜೋರು ಮೊದಲು ಇಟ್ರೆ ಭಾವ ಬದುಕ್ತಾರೆ. ನಡುವೆ ಇಟ್ರೂ ಬದುಕ್ತಾರೆ. ಕೊನೆಗೆ ಇಟ್ರೆ ಮಾತ್ರ... ಅದೊಂದನ್ನ ಆಗ ಓಡಿಸ್ಲೇ ಇಲ್ಲ. ಒಂದು ಕ್ಲಿಕ್ ಅಷ್ಟೆ."

"ಹೋಗಲಿ, ಅಕ್ಕ ನಿನ್ನನ್ನ ಕ್ಷಮಿಸಿದಳು ಅಂತ ಬರೀಲಾ?"

"ನೋಡಿ, ನೀವೂ ಮೆಲ್ಲಗೆ ಇಳಿಸ್ತಿದೀರಿ. ಜೋರು ಕೊನೆಗೇ ಇರಲಿ."

5.
ಸರಿ. ಅಕ್ಕನ ಮನೆ. ಗೋಡೆಯುದ್ದಕ್ಕೂ ಕಿಟಕಿಯ ಮಟ್ಟದಲ್ಲಿ ಕೆಸರಿನ ಗೆರೆ. ಅಕ್ಕ ಹಾಸಿಗೆ ಹಿಂಡುತ್ತಿದ್ದಾಳೆ. ಹತ್ತಿಯ ಹಾಸಿಗೆ ಹಿಂಡಲು ಬರುವುದಿಲ್ಲ, ಆದರೂ ಹಿಂಡುತ್ತಿದ್ದಾಳೆ. ತಂಗಿ ಬಾಗಿಲಾಚೆ ನಿಂತಳು, ಒಳಗೆ ಕಾಲಿಡಲಿಲ್ಲ.

ಅಕ್ಕ ಹಾಸಿಗೆ ಬಿಟ್ಟು ಬಂದಳು. ಕುಕ್ಕರಗಾಲಲ್ಲಿ ಕೂತು, ಹೊಸ್ತಿಲಿಂದ ಕೆಳಕ್ಕೆ ಗೇಣು ಚಾಚಿದಳು.

"ಇಷ್ಟು ಅಂದಿದ್ಯಲ್ಲೇ?"

ತಂಗಿ ಉತ್ತರಕ್ಕಾಗಿ ನನ್ನ ಕಡೆ ನೋಡುತ್ತಿದ್ದಾಳೆ. ಮುಂದಿನ ಸಾಲು ನಾನು ಬರೆಯುವುದಿಲ್ಲ. ಅಕ್ಕನ ಕೈ ಹಾಗೇ ಚಾಚಿಕೊಂಡಿದೆ.