ಅತಾಂ ಎಂದರೆ ಕಾಯಬೇಕು

ಹುರಿಗಡಲೆಯ ವಾಸನೆ ಬಂದರೆ ನನಗೆ ಅಮ್ಮನ ನೆನಪಾಗುತ್ತದೆ. ಮೈಸೂರಿನ ಒಂದು ಕಡಲೆ ಭಟ್ಟಿಯ ಹಿಂದೆ, ಬೆಚ್ಚಗಿನ ಮರಳಿನ ಮೇಲೆ ಹುಟ್ಟಿದ ಕಂದು ಬಣ್ಣದ ನಾಯಿ ನಾನು. ತಿಂಗಳ ಮರಿಯಾಗಿದ್ದಾಗ ಇಂದುಮತಿ ಮೇಡಂ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ಕಾಲೇಜಿನಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾಗಿದ್ದ ಅವರು ಒಬ್ಬರೇ ಇದ್ದರು.

ನನಗೂ ಅವರು ಆಜ್ಞೆಗಳನ್ನೆಲ್ಲ ಫ್ರೆಂಚಿನಲ್ಲೇ ಕಲಿಸಿದರು. ವಿಯಾಂ ಎಂದರೆ ಬಾ. ದೊನ್ ಎಂದರೆ ಕೊಡು. ಅತಾಂ ಎಂದರೆ ಕಾಯಿ. ಬಾ ಎನ್ನುವವರೆಗೆ ಬೊಗಳದೆ ಕೂತಿರಬೇಕು.

"ನಾಯಿಗ್ಯಾಕ್ರವ್ವಾ ಇಂಗ್ಲೀಸು?" ಎಂದು ಮನೆಗೆಲಸದ ಚಿಕ್ಕತಾಯಮ್ಮ ನಕ್ಕಳು.

"ಇಂಗ್ಲಿಷಲ್ಲ ಕಣೇ, ಫ್ರೆಂಚು. ಗೇಟಿನ ಹತ್ರ ಯಾರೋ ಬಾ ಅಂದ್ರೆ ಇವನು ಹೋಗಬಾರದು ನೋಡು."

"ಹಂಗಾರೆ ನಾ ಕರುದ್ರೂ ಬರಾಕಿಲ್ವಾ? ಆಗ್ಲಿ ಬುಡ್ಲಾ, ದೊರೆ ಮಗ ನೀನು!"

ಸಂಜೆ ಪಾಠಕ್ಕೆ ವಿದ್ಯಾರ್ಥಿಗಳು ಬರುತ್ತಿದ್ದರು. ಆಜ್ಞೆ ಕೊಡುವ ಪಾಠದ ದಿನ ನಾನೇ ಪರೀಕ್ಷಕ. ಗುರುಗಳ ಮನೆಯ ನಾಯಿಯನ್ನು ಏಕವಚನದಲ್ಲಿ ಕರೆಯುವುದು ಹೇಗೆಂದು ಹಿಂಜರಿದ ಒಬ್ಬಳು, ಮರ್ಯಾದೆಯಿಂದ "ವೆನೇ" ಎಂದಳು. ನಾನು ಕದಲಲಿಲ್ಲ.

"ಇವನಿಗೆ ಬನ್ನಿ ಅಂದ್ರೆ ತಲೆ ತಿರುಗತ್ತೆ ಕಣಮ್ಮ, ಬಾ ಅನ್ನು ಸಾಕು," ಎಂದು ಮೇಡಂ ನಕ್ಕಿದ್ದೇ ನಕ್ಕಿದ್ದು.

ಗ್ಯಾಸ್ ತರುವ ಮಹದೇವನಿಗೆ ನಾಯಿ ಎಂದರೆ ಭಯ. ಪಾಪ, ಹೆದರಬಾರದೆಂದು ಅವನು ಬರುವ ದಿನ ಮೇಡಂ ನನ್ನನ್ನು ಹಿತ್ತಿಲಲ್ಲಿ ಕೂರಿಸುತ್ತಿದ್ದರು. ಆ ದಿನ ಬೆಳಿಗ್ಗೆಯೂ ಬೆರಳೆತ್ತಿ "ಅತಾಂ" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಅವರು ಬಿದ್ದ ಸದ್ದು ಕೇಳಿಸಿತು. ಹಿತ್ತಿಲ ಬಾಗಿಲು ತೆರೆದೇ ಇತ್ತು. ಮಹದೇವ ಬಂದು ಬೆಲ್ ಒತ್ತಿದ್ದು ಕೇಳಿಸಿತು. ಯಾರೂ ಬಾಗಿಲು ತೆರೆಯದಾಗ ಸಿಲಿಂಡರನ್ನು ಮೆಟ್ಟಿಲ ಮೇಲಿಟ್ಟು ಹೋದ. ನಾನು ಬೊಗಳಿದ್ದರೆ ಅವನು ಹೆದರಿಯಾದರೂ ಪಕ್ಕದ ಮನೆಯವರನ್ನು ಕೂಗುತ್ತಿದ್ದ. ನಾನು ಕಾದೆ.

ಚಿಕ್ಕತಾಯಮ್ಮ ಬಂದು ನೋಡುವಾಗ ಮಧ್ಯಾಹ್ನವಾಗಿತ್ತು. ಮೇಡಂಗೆ ಲಕ್ವ ಹೊಡೆದಿತ್ತು. ಬೇಗ ಕರೆತಂದಿದ್ದರೆ ಮಾತಾದರೂ ಉಳಿಯುತ್ತಿತ್ತು ಎಂದರಂತೆ ಡಾಕ್ಟರು.

"ಒಂದ್ ಕಿತ ಬೊಗಳಕಾಗ್ನಿಲ್ವೇನ್ಲಾ ನಿಂಗೆ?" ಎಂದು ಚಿಕ್ಕತಾಯಮ್ಮ ಅತ್ತಳು.

ತಿಂಗಳಾದ ಮೇಲೆ ಮೇಡಂ ತಮ್ಮ ಬಂದು ಅಕ್ಕನನ್ನು ಧಾರವಾಡಕ್ಕೆ ಕರೆದೊಯ್ದರು. ಕಾರಿನ ಕಿಟಕಿಯಿಂದ ಮೇಡಂ ನನ್ನತ್ತ ತುಟಿ ಅಲುಗಿಸಿದರು. ಸದ್ದು ಬರಲಿಲ್ಲ. ಬಾ ಎಂದರೋ, ಕಾಯಿ ಎಂದರೋ ತಿಳಿಯದೆ ಗೇಟಿನಲ್ಲೇ ನಿಂತೆ. ಕಾರು ಹೋಯಿತು.

ಚಿಕ್ಕತಾಯಮ್ಮ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಈಗ ನಾನು ಅವಳ ಜಗುಲಿಯ ಮೂಲೆಯಲ್ಲಿ ಮಲಗುವ ಮುದಿನಾಯಿ. ಹೇಳಿದಂತೆ ಕೇಳುವುದೇ ಪ್ರೀತಿ ಎಂದು ನಂಬಿದ್ದೆ. ಅಂದು ಮಾತು ಮೀರಿದ್ದರೆ ಮೇಡಂ ಬೈಯುತ್ತಿದ್ದರು. ಬೈಯುವುದಕ್ಕಾದರೂ ಅವರಿಗೆ ಮಾತು ಇರುತ್ತಿತ್ತು.

ಇವತ್ತು ಧಾರವಾಡದಿಂದ ಫೋನ್ ಬಂತು. ಮೇಡಂ ಹೋದರಂತೆ. ಚಿಕ್ಕತಾಯಮ್ಮ ಬಹಳ ಹೊತ್ತು ನನ್ನನ್ನೇ ನೋಡಿದಳು. ಯಾಕೆ ಬೊಗಳಲಿಲ್ಲವೆಂದು ಮತ್ತೆ ಕೇಳುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಒಳಗೆ ಹೋಗಿ ತನ್ನ ತಟ್ಟೆ ತಂದಳು. ಮುದ್ದೆ ಮುರಿದು, ಸಾರಿನಲ್ಲಿ ಹಿಸುಕಿ, ಬಿಸಿ ಆರುವವರೆಗೆ ಊದಿ, ನನ್ನ ಮುಂದಿಟ್ಟು ಪಕ್ಕದಲ್ಲಿ ಕೂತಳು.