ಒಂದು ಒಲೆಗೆ ಒಂದು ಜಾಗ

ಭೀಮೆಯ ಹಿನ್ನೀರು ಊರನ್ನು ನುಂಗುವುದು ಖಾತ್ರಿಯಾಗಿ, ಚೌಡಾಪುರದ ರಸ್ತೆಯ ಮಗ್ಗುಲಿಗೆ ಹೊಸ ಊರು ಕಟ್ಟಿಕೊಡುತ್ತಾರೆಂದು ಗೊತ್ತಾದದ್ದೇ ತಡ, ಮಂದಿಗೆಲ್ಲ ಒಲೆಯ ಹುಚ್ಚು ಹಿಡಿಯಿತು. ಸರ್ವೆಯವರ ನಿಯಮವೇ ಅಂಥದ್ದು: ಒಂದು ಒಲೆಗೆ ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಂದು ಜಾಗ. ವಾರದೊಳಗೆ ಊರಿನ ಅಣ್ಣತಮ್ಮಂದಿರೆಲ್ಲ ಬೇರೆಯಾಗಿಬಿಟ್ಟರು, ಅದೂ ಜಗಳವೇ ಇಲ್ಲದೆ!

ಗಂಗಾಬಾಯಿಯ ಮನೆಯಲ್ಲಿ ಮಾತ್ರ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ಆರು ಮೊಮ್ಮಕ್ಕಳು, ಎಲ್ಲರಿಗೂ ಒಂದೇ ಒಲೆ. ಗಂಡ ಹೋಗಿ ಇಪ್ಪತ್ತು ವರ್ಷವಾದರೂ ಮನೆ ಒಡೆಯಗೊಡಲಿಲ್ಲವೆಂಬ ಜಂಬ ಅವಳಿಗಿತ್ತು, ಇರಲೇಬೇಕು ಬಿಡಿ. ಆದರೆ ಒಂದು ತುಂಡು ಜಾಗದಲ್ಲಿ ಹನ್ನೊಂದು ಜನ ಮಲಗುವುದೆಲ್ಲಿ? ಹಲ್ಲು ಕಚ್ಚಿಕೊಂಡು ಪಡಸಾಲೆಯಲ್ಲಿ ಇನ್ನೊಂದು ಒಲೆ ಹೂಡಿಸಿದಳು.

ಸರ್ವೆಯ ಮಸೂದ ಬಂದಾಗ ಎರಡೂ ಒಲೆ ಧಗಧಗ ಉರಿಯುತ್ತಿದ್ದವು. ಅವನು ಇದನ್ನು ನೋಡಿದ, ಅದನ್ನು ನೋಡಿದ, ನಕ್ಕೇಬಿಟ್ಟ.

"ಯವ್ವಾ, ಈ ಮನ್ಯಾಗ ಬರೇ ರೊಟ್ಟಿ, ಆ ಮನ್ಯಾಗ ಬರೇ ಪುಂಡಿಪಲ್ಯ. ಇವ್ರು ಪಲ್ಯ ಇಲ್ದ ಉಣ್ತಾರೇನ್ರಿ? ಅವ್ರು ರೊಟ್ಟಿ ಇಲ್ದ?"

ಹಾಳಾದ ರೂಢಿ! ಹಿರಿಸೊಸೆ ಪಲ್ಯ ಮಾಡುವುದು, ಕಿರಿಸೊಸೆ ಭಾಗ್ಯಾ ರೊಟ್ಟಿ ಬಡಿಯುವುದು ಹದಿನೈದು ವರ್ಷದಿಂದ ನಡೆದುಬಂದ ಪದ್ಧತಿ. ಒಲೆ ಬೇರೆ ಮಾಡಿಸಿದವಳು ಅಡುಗೆ ಬೇರೆ ಮಾಡಿಸುವುದನ್ನು ಮರೆತಿದ್ದಳು.

ಗಂಗಾಬಾಯಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ಸುಳ್ಳು ಹೇಳಂಗಿಲ್ರಿ ಸಾಹೇಬ್ರ, ಕೂಡೇ ಇದ್ದೀವಿ. ಆದ್ರ ಹನ್ನೊಂದು ಮಂದಿ ಒಂದು ಗೂಡಿನ್ಯಾಗ ಹ್ಯಾಂಗ ಇರಬೇಕು? ನೀವೇ ಹೇಳ್ರಿ."

ಮಸೂದ ತಲೆ ಕೆರೆದುಕೊಂಡ. "ಇವತ್ತಿನಿಂದ ಬ್ಯಾರೆ ಆಗೀವಿ ಅಂತ ಎಲ್ಲಾರ ಮುಂದ ಹೇಳಿ ಹೆಬ್ಬಟ್ಟು ಒತ್ರಿ. ಎರಡು ಮನಿ ಬರೀತೀನಿ."

"ಬ್ಯಾರೆ ಆಗೀವ್ರಿ" ಎಂದು ಹೇಳಿ ಒತ್ತಿದಳು. ಎರಡು ಜಾಗ ಸಿಕ್ಕಂತಾಯಿತು.

"ನಿಮ್ಮ ಹೆಸರು ಯಾವ ಮನ್ಯಾಗ ಬರೀಲಿ ಯವ್ವಾ? ಒಂದ್ರಾಗ ಅಷ್ಟ ಬರ್ತದ."

ಇದನ್ನವಳು ಯೋಚಿಸಿಯೇ ಇರಲಿಲ್ಲ. ಮಕ್ಕಳಿಬ್ಬರೂ ನೆಲ ನೋಡುತ್ತ ನಿಂತಿದ್ದರು. ಕಿರಿಯವನ ಕೂಸುಗಳು ಇನ್ನೂ ಸಣ್ಣವು.

"ಸಣ್ಣಾಂವನ ಮನ್ಯಾಗ ಬರ್ಕೋರಿ" ಎಂದಳು, ಹಿರಿಯವನ ಕಡೆ ನೋಡದೆ.

ಹಿರಿಮಗ ಗುರುಪಾದ ನಕ್ಕಂತೆ ಮಾಡಿದ. "ಇರ್ಲಿ ಬಿಡವ್ವ, ನಾ ದಿನಾ ಬಂದು ಹೋಗ್ತೀನಿ."

ಬಂದು ಹೋಗುವುದು ನೆಂಟರ ಮಾತು. ಹೊಟ್ಟೆಯಲ್ಲಿ ಹುಟ್ಟಿದ ಮಗನ ಬಾಯಲ್ಲಿ ಅದನ್ನು ಕೇಳಿದ ಗಂಗಾಬಾಯಿ, ಸರ್ವೆಯವನು ಎದುರಿಗಿದ್ದಾನೆಂಬುದನ್ನೂ ಮರೆತು ಅತ್ತಳು.