ದೀಡನೂರರ ಚುಕ್ಕಿ

ನನಗೆ ಸಿಟ್ಟು ಬೇಗ ಬರುತ್ತದೆ. ಕಂಪ್ಯೂಟರು ಬುದ್ಧಿ ಹೇಳಲು ಬಂದರಂತೂ ಇನ್ನೂ ಬೇಗ. 'ಆರ್' ಎಂಬ ಒಂದೇ ಅಕ್ಷರದ ಹೆಸರಿನ ಕಂಪ್ಯೂಟರ್ ಭಾಷೆಯಲ್ಲಿ ನಾನು ದಿನವೂ ಚುಕ್ಕಿನಕ್ಷೆ ಬರೆಯುತ್ತೇನೆ. ಅದು ದಿನವೂ ಕೆಂಪಕ್ಷರದಲ್ಲಿ ಏನಾದರೊಂದು ಎಚ್ಚರಿಕೆ ಕೊಡುತ್ತದೆ. ನಾನು ಹೂಂ ಅಂದು ಮುಂದೆ ಹೋಗುತ್ತೇನೆ. ಆ ದಿನ ಬೆಳಿಗ್ಗೆಯೂ 'ಒಂದು ಸಾಲು ಬಿಟ್ಟಿದ್ದೇನೆ' ಅಂತ ಹೇಳಿತು. ಬಸ್ಸಿಗೆ ಹೊತ್ತಾಗಿತ್ತು, ಬಿಟ್ಟರೆ ಬಿಡು ಅಂದುಕೊಂಡೆ.

ಸೇಡಂನ ಸಣ್ಣ ಕೃಷಿ ಸಂಸ್ಥೆಯೊಂದರಲ್ಲಿ ಅಂಕಿ-ಅಂಶದ ಕೆಲಸ ನನ್ನದು. ಹಿಂದಿನ ವರ್ಷ ಐನಾಪುರದ ಇಪ್ಪತ್ತನಾಲ್ಕು ಹೆಣ್ಣುಮಕ್ಕಳು ತೊಗರಿಯ ಕುಡಿ ಚಿವುಟಿ ನೋಡಿದ್ದರು. ತುದಿ ಚಿವುಟಿದರೆ ಗಿಡ ಪಕ್ಕಕ್ಕೆ ಟೊಂಗೆ ಒಡೆಯುತ್ತದೆ. ಟೊಂಗೆ ಹೆಚ್ಚಾದರೆ ಕಾಯಿಯೂ ಹೆಚ್ಚುತ್ತದೋ, ಬರೀ ಸೊಪ್ಪೋ ಎಂಬುದು ಪ್ರಶ್ನೆ. ಕೆಲವರು ಎರಡು ಸಲ ಚಿವುಟಿದರು, ಕೆಲವರು ಒಂದೇ ಸಲ, ಕೆಲವರು ಮನೆಯವರಿಗೆ ಹೆದರಿ ಕೈಯೇ ಹಚ್ಚಲಿಲ್ಲ. ಒಬ್ಬೊಬ್ಬರ ಹೊಲದಲ್ಲಿ ನಾವು ಚೀಟಿ ಎತ್ತಿ ಗುರುತು ಹಾಕಿದ ಒಂದೊಂದು ಗಿಡದ ಟೊಂಗೆ, ಕಾಯಿ ಎಣಿಸಿ ಹೇಳುವುದು ಅವರ ಪಾಲಿನ ಕೆಲಸ.

ಲೆಕ್ಕ ಕೂಡಿಸಿದವಳು ಮಾಣಿಕಮ್ಮ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಬರೆಯಲು ಬೇಸರ, ಮಾತಾಡಲು ಬೇಸರವಿಲ್ಲ. ಅದಕ್ಕೇ ಅವಳ ಫೋನಿನಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುವ ಏರ್ಪಾಟು ಮಾಡಿಕೊಟ್ಟಿದ್ದೆ. ಅವಳು ಮನೆಮನೆಗೆ ಹೋಗಿ, ಫೋನನ್ನು ತುಟಿಗೆ ಹಿಡಿದು, ಕಿವುಡರಿಗೆ ಹೇಳುವ ಹಾಗೆ ಲೆಕ್ಕವನ್ನು ಕೂಗಿ ಹೇಳಿದ್ದಳು.

ಅವಳ ಗಂಡ ರಾಮಲಿಂಗನಿಗೆ ಈ ಚಿವುಟುವುದೇ ಸೇರುತ್ತಿರಲಿಲ್ಲ. ಬೆಳೆಯುವ ಗಿಡದ ತಲೆ ಮುರಿಯುವವರನ್ನು ತಾನು ನೋಡಿಲ್ಲ ಎನ್ನುತ್ತಿದ್ದ. ಮಾಣಿಕಮ್ಮ ಜಗಳವಾಡಿ ನಾಲ್ಕು ಎಕರೆಯಲ್ಲಿ ಒಂದು ಎಕರೆ ಬಿಡಿಸಿಕೊಂಡಿದ್ದಳು. "ನಕ್ಷಾದಾಗ ನಮ್ಮ ಚುಕ್ಕಿ ಎಲ್ಲಾರ ಮ್ಯಾಲ ಬಂದ್ರ ಈ ವರ್ಷ ನಾಕೂ ಎಕರೆ ನಾನೇ ಚಿವುಟತೀನಿ. ಇಲ್ಲಂದ್ರ ಈ ಮಾತು ಮತ್ತ ಎತ್ತಬ್ಯಾಡ," ಎಂದು ಅವನು ನಾಲ್ಕು ಮಂದಿಯ ಮುಂದೆ ಹೇಳಿದ್ದ. ಬಿತ್ತನೆ ಶುರುವಾಗುವ ಮಿರಗದ ಮಳೆಗೆ ಎಂಟೇ ದಿನ ಉಳಿದಿತ್ತು.

ಐನಾಪುರದ ಶಾಲೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನಕ್ಷೆ ಬಿಟ್ಟೆ. ಅಡ್ಡಕ್ಕೆ ಟೊಂಗೆ, ಮೇಲಕ್ಕೆ ಕಾಯಿ, ಒಂದೊಂದು ಚುಕ್ಕಿಯ ಪಕ್ಕ ಒಂದೊಂದು ಹೆಸರು. ನಡುವೆ ಏರಿ ಹೋಗುವ ಗೆರೆ. ನಕ್ಷೆಯ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಸಂಖ್ಯಾಶಾಸ್ತ್ರದ ವಿವರ.

"ಅಯ್ಯ, ನಂದು ಅಲ್ಲೇ ಅದ ನೋಡ್ರಿ!" ಎಂದು ಹಸೀನಾಬೇಗಂ ಎದ್ದೇ ನಿಂತಳು.

"ಗೆರಿ ಮ್ಯಾಲ ಹೊಂಟದ ನೋಡ್ರಿ," ಎಂದೆ. "ಟೊಂಗಿಗೂ ಕಾಯಿಗೂ ಸಂಬಂಧನೇ ಇಲ್ಲಂದ್ರ ಅದು ಇಷ್ಟು ಏರೋದು ಭಾಳ ಅಪರೂಪ. ಮ್ಯಾಲ ಬರೆದಿದ್ದು ಅದನ್ನೇ ಹೇಳ್ತದ."

ರಾಮಲಿಂಗ ಹಿಂದಿನ ಸಾಲಿನಿಂದ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಖರೇ ಇರಬಹುದ್ರಿ. ನಮ್ಮ ಚುಕ್ಕಿ ಎಲ್ಲಿ ಅದ?"

ಹುಡುಕಿದೆ. ಮೇಲಿಲ್ಲ. ಕೆಳಗೂ ಇಲ್ಲ.

"ಊರ ಮಂದೀದೆಲ್ಲ ಬಂತು, ಲೆಕ್ಕ ಮಾಡಿದಾಕಿದೇ ಬರ್ಲಿಲ್ಲ," ಎಂದು ಅವನು ನಕ್ಕ. "ಎಣಿಸ್ಯಾಳೋ ಇಲ್ಲೋ!" ಗಂಡಸರೆಲ್ಲ ಘೊಳ್ಳೆಂದರು. ಮಾಣಿಕಮ್ಮ ಸೆರಗು ಎಳೆದುಕೊಂಡು ನೆಲ ನೋಡಿದಳು.

ನೆತ್ತಿಯ ಸಾಲಿನ ಮೇಲೆ ಆಗ ಕಣ್ಣು ಹೋಯಿತು. ಒಟ್ಟು ಎಷ್ಟು ಗಿಡ ಅಂತ ಹೇಳುವ ಜಾಗದಲ್ಲಿ ಇಪ್ಪತ್ತಮೂರು ಅಂತಿತ್ತು. ಬೆಳಿಗ್ಗೆ ಬಿಟ್ಟ ಆ ಒಂದು ಸಾಲು!

ಅಂಕಿಗಳ ಪಟ್ಟಿ ತೆರೆದೆ. ಕೊನೆಯ ಸಾಲು ಮಾಣಿಕಮ್ಮನದು. ಟೊಂಗೆ: 19. ಕಾಯಿ: ದೀಡನೂರು.

ಬೇರೆಯವರ ಲೆಕ್ಕಕ್ಕೆ ನೂರಾ ಇಪ್ಪತ್ತು ಎಂದಾಗ ಫೋನು ಅಂಕಿಯಲ್ಲೇ ಬರೆದುಕೊಂಡಿತ್ತು. ದೀಡ ಎಂದರೆ ಒಂದೂವರೆ ಅಂತ ಅದಕ್ಕೇನು ಗೊತ್ತು, ಕೇಳಿದ ಹಾಗೆ ಅಕ್ಷರ ಬರೆದಿತ್ತು. ಅಕ್ಷರ ಕಂಡ ಆರ್, ಇದು ಅಂಕಿಯಲ್ಲ ಅಂತ ಸಾಲನ್ನೇ ಆಚೆ ಇಟ್ಟಿತ್ತು. ಅವೆರಡಕ್ಕೆ ಕ್ಷಮೆಯುಂಟು. ನಾನಾದರೋ ಇದೇ ಸೀಮೆಯ ಗುಂಡಗುರ್ತಿಯವಳು. ಆ ಪಟ್ಟಿಯನ್ನು ಎರಡು ಸಲ ಓದಿದ್ದೆ, ಎರಡು ಸಲವೂ ನನ್ನ ಕಣ್ಣಿಗೆ ಅದು ನೂರೈವತ್ತು ಅಂತಲೇ ಕಂಡಿತ್ತು. ಮನೆಮಾತು, ಎಲ್ಲಿಯೂ ತಡೆಯಲೇ ಇಲ್ಲ.

"ತಪ್ಪು ನಂದದ," ಎಂದೆ ಜೋರಾಗಿ. "ಅಕ್ಕ ಬರೋಬರಿ ಎಣಿಸ್ಯಾಳ. ದೀಡನೂರು ಅಂತ ಹೇಳ್ಯಾಳ. ಕಂಪ್ಯೂಟರಿಗೆ ದೀಡ ತಿಳೀಲಿಲ್ಲ, ನಾನೂ ತಿಳಿಸಿ ಹೇಳ್ಲಿಲ್ಲ."

"ದೀಡ ತಿಳೀದಂಥಾದ್ದು ಎಂಥ ಕಂಪ್ಯೂಟರ್ರೀ!" ಎಂದ ರಾಮಲಿಂಗ. ಆ ಒಂದು ವಿಷಯದಲ್ಲಿ ಅವನು ಹೆಂಡತಿಯ ಕಡೆಗಿದ್ದ.

150 ಎಂದು ಒತ್ತಿ ಮತ್ತೆ ಓಡಿಸಿದೆ. ಗೆರೆ ಚೂರು ಮೇಲೆದ್ದಿತು. ನೆತ್ತಿಯ ಮೇಲೆ ಇಪ್ಪತ್ತನಾಲ್ಕು ಬಂತು. ಗೋಡೆಯ ಬಲಗಡೆ, ಎಲ್ಲರಿಗಿಂತ ಮೇಲೆ, ಹೊಸ ಚುಕ್ಕಿಯೊಂದು ಕೂತಿತು. ಪಕ್ಕದಲ್ಲಿ ಮಾಣಿಕಮ್ಮ ಅಂತ ಬರೆದಿತ್ತು. ಹೆಣ್ಣುಮಕ್ಕಳು ಹೋ ಎಂದು ಚಪ್ಪಾಳೆ ಹೊಡೆದರು.

ರಾಮಲಿಂಗ ಎದ್ದು ಗೋಡೆಯ ತನಕ ಬಂದ. ಅವನ ನೆರಳು ಅರ್ಧ ನಕ್ಷೆಯ ಮೇಲೆ ಬಿತ್ತು. "ಸರೀರಿ, ಕಾಣವಲ್ದು" ಎಂದು ಯಾರೋ ಕೂಗಿದರು. ಅವನು ಸರಿಯಲಿಲ್ಲ. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ ತಿರುಗಿದ.

"ಬಿತ್ತಿ ಎಷ್ಟು ದಿನಕ್ಕ ಚಿವುಟಬೇಕು?"

ಉತ್ತರ ಹೇಳಲು ಬಾಯಿ ತೆರೆದೆ, ಅಭ್ಯಾಸ. ಆಮೇಲೆ ಮುಚ್ಚಿಕೊಂಡೆ. ಅವನು ಕೇಳಿದ್ದು ನನ್ನನ್ನಲ್ಲ.

ಮಾಣಿಕಮ್ಮ ತಲೆ ಎತ್ತಿದಳು. "ದೀಡ ತಿಂಗಳಿಗೆ," ಎಂದಳು ಗಂಡನಿಗೆ. ಆಮೇಲೆ ನನ್ನ ಕಡೆ ನೋಡಿ, "ನಲವತ್ತೈದು ಅಂತ ಬರ್ಕೋ, ತಂಗಿ," ಎಂದಳು.